ಸಾಸಿವೆ ಡಬ್ಬಿಯ ಬೀಗದ ಕೈ ಯಾರ ಹತ್ತಿರ? ನಿವೃತ್ತಿಗೆ ಪಿಎಫ್, ಪಿಪಿಎಫ್, ಎನ್‌ಪಿಎಸ್, ಎಸ್‌ಐಪಿಗಳಲ್ಲಿ ಯಾವುದು

"ಅಂಕಲ್, ಕಂಪನಿ ಬದಲಾಯಿಸ್ತಿದ್ದೀನಿ. ಹಳೇ ಪಿಎಫ್‌ನಲ್ಲಿ ಮೂರು ಲಕ್ಷ ಇದೆ. ತೆಗೆದುಬಿಡ್ಲಾ?"

ಕೇಳಿದ್ದು ನಮ್ಮ ಮೇಲಿನ ಮನೆಯ ಬಾಡಿಗೆ ಹುಡುಗ. ವಯಸ್ಸು 28, ಕೆಲಸ ವೈಟ್‌ಫೀಲ್ಡ್‌ನಲ್ಲಿ. ಅದೇ ವಾರ ಅತ್ತಿಗೆ ಫೋನ್ ಮಾಡಿದರು. "ನಿಮ್ಮಣ್ಣ ಮಾರ್ಚ್‌ಗೆ ರಿಟೈರ್ ಆಗ್ತಾರೆ. ಬರೋ ದುಡ್ಡನ್ನ ಎಲ್ಲಿಡೋದು ಹೇಳಪ್ಪ, ಮನೆಗೆ ಬಂದೋರೆಲ್ಲ ಒಂದೊಂದು ಹೇಳ್ತಾರೆ." ಬೀದಿ ಕೊನೆಯ ಟೈಲರ್ ಅಂಗಡಿಯವರು ಪ್ಯಾಂಟಿನ ಅಳತೆ ತೆಗೆಯುತ್ತಲೇ, "ಸಾರ್, ನಮ್ಮಂಥೋರಿಗೂ ಪೆನ್ಷನ್ ಬರೋ ಹಂಗೆ ಏನಾದ್ರೂ ಇದೆಯಾ?" ಎಂದರು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ 24 ವರ್ಷದಿಂದ ಅಕೌಂಟ್ಸ್ ನೋಡುತ್ತಿದ್ದೇನೆ. ಜನರ ಪಿಎಫ್ ಫಾರಂ ತುಂಬಿ ತುಂಬಿ ಕೈ ಪಳಗಿದೆ. ಯಾರ ಏಜೆಂಟೂ ಅಲ್ಲ, ಯಾವುದರಿಂದಲೂ ನನಗೆ ಕಮಿಷನ್ ಇಲ್ಲ. ಹಾಗಾಗಿ ಈ ಮೂವರಿಗೂ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಎಲ್ಲರೂ ಮೊದಲು ಕೇಳುವುದು, ಯಾವುದರಲ್ಲಿ ಬಡ್ಡಿ ಜಾಸ್ತಿ ಅಂತ. ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ನಮ್ಮಮ್ಮ ಸಾಸಿವೆ ಡಬ್ಬಿಯಲ್ಲಿ ದುಡ್ಡಿಡುತ್ತಿದ್ದಳು. ಹಬ್ಬಕ್ಕೆಂದು ಕೂಡಿಟ್ಟದ್ದು ಹಬ್ಬದ ಹೊತ್ತಿಗೆ ಅಲ್ಲಿ ಇದ್ದದ್ದೇ ಕಡಿಮೆ. ಡಬ್ಬಿ ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿತ್ತು, ಅಷ್ಟೇ. ನಾನೂ ಸಿನಿಮಾಕ್ಕೆ ಅಂತ ಎರಡು ಮೂರು ಸಲ ಕೈ ಹಾಕಿದ್ದೇನೆ. ನಿವೃತ್ತಿಯ ಹಣಕ್ಕೂ ಕೇಳಬೇಕಾದ್ದು ಇದನ್ನೇ. 60 ಆಗುವವರೆಗೆ ಬೀಗದ ಕೈ ಯಾರ ಹತ್ತಿರ ಇರುತ್ತದೆ? 60 ಆದ ಮೇಲೆ ಆ ಬೀಗ ಸಲೀಸಾಗಿ ತೆರೆಯುತ್ತದೆಯಾ?

ಮೊದಲು ಅಳತೆಗೋಲು

ಬೀಗ ಒಂದಾಯಿತು. ಎರಡನೆಯದು ಬೆಲೆ ಏರಿಕೆ. ದರ್ಶಿನಿಗಳಲ್ಲಿ ಬೆಲೆಪಟ್ಟಿಯ ಬೋರ್ಡ್ ನೋಡಿದ್ದೀರಲ್ಲ, ಇಡ್ಲಿಯ ಬೆಲೆ ಮೇಲೆ ಚೀಟಿ, ಚೀಟಿಯ ಮೇಲೆ ಇನ್ನೊಂದು ಚೀಟಿ. ಈಗ ತಿಂಗಳಿಗೆ 50,000 ರೂಪಾಯಿ ಖರ್ಚಿರುವ ಮನೆಗೆ, ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ, 20 ವರ್ಷದ ಮೇಲೆ ಇದೇ ಸಂಸಾರಕ್ಕೆ 1,60,000 ಬೇಕು. ಈ ಓಟವನ್ನು ಹಿಂದೆ ಹಾಕದ ಉಳಿತಾಯ ವರ್ಷ ಕಳೆದಂತೆ ಸವೆಯುತ್ತದೆ.

ಮೂರನೆಯದು ತೆರಿಗೆ. ಇಲ್ಲಿ ಜನ ಹಳೇ ಲೆಕ್ಕದಲ್ಲೇ ಇದ್ದಾರೆ. 80ಸಿ ಅಂತ ನಾವೆಲ್ಲ ಕರೆಯುವ 1.5 ಲಕ್ಷದ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಅದಿಲ್ಲ. ಆದರೆ ಅಲ್ಲಿ 2025–26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಸಂಬಳದವರಾದರೆ 75,000ದ ಕಡಿತ ಸೇರಿ 12.75 ಲಕ್ಷ. ಆದ್ದರಿಂದ "ತೆರಿಗೆ ಉಳಿಸೋಕೆ" ಅಂತ ಮಾರ್ಚ್ ಕೊನೆಯಲ್ಲಿ ಯಾವುದಕ್ಕೋ ಸಹಿ ಹಾಕುವ ಮೊದಲು, ನೀವು ಯಾವ ಪದ್ಧತಿಯಲ್ಲಿದ್ದೀರಿ ಅಂತ ನೋಡಿಕೊಳ್ಳಿ.

ಕೊನೆಯದು, ಹಣ ಯಾವ ರೂಪದಲ್ಲಿ ಕೈಗೆ ಬರುತ್ತದೆ ಎಂಬುದು. ಒಟ್ಟಿಗೆ ಗಂಟಾಗಿ ಬರುತ್ತದಾ, ತಿಂಗಳು ತಿಂಗಳು ಬರುತ್ತದಾ? ನಾವು ಹೋದ ಮೇಲೆ ಹೆಂಡತಿಗೋ ಗಂಡನಿಗೋ ಏನು ಸಿಗುತ್ತದೆ? ಬೆಂಗಳೂರಲ್ಲಿ ಮಕ್ಕಳು ಎಷ್ಟೋ ಮನೆಗಳಲ್ಲಿ ಬೇರೆ ದೇಶದಲ್ಲಿರುತ್ತಾರೆ. ಹಾಗಾಗಿ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಪಿಎಫ್, ಮತ್ತು ಅದಕ್ಕೆ ಜೋಡಿಯಾದ ವಿಪಿಎಫ್

ಪಿಎಫ್, ಅಂದರೆ ನೌಕರರ ಭವಿಷ್ಯ ನಿಧಿ, ಸಂಬಳದವರಿಗೆ ಕೇಳದೇ ಸಿಗುವ ಡಬ್ಬಿ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12ರಷ್ಟು ನಿಮ್ಮ ಸಂಬಳದಿಂದ ಹೋಗುತ್ತದೆ, ಕಂಪನಿಯೂ ಅಷ್ಟೇ ಹಾಕುತ್ತದೆ. 2023–24 ಮತ್ತು 2024–25ರಲ್ಲಿ ಬಡ್ಡಿ ಶೇ 8.25 ಇತ್ತು. ಮೂಲ ವೇತನ 40,000 ಅಂತಿಟ್ಟುಕೊಳ್ಳಿ. ನಿಮ್ಮದು 4,800. ಕಂಪನಿಯ 4,800ರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗಿ, 3,550 ಪಿಎಫ್‌ಗೆ ಸೇರುತ್ತದೆ. ಒಟ್ಟು ತಿಂಗಳಿಗೆ 8,350. ಸಂಬಳ ಒಂದು ಪೈಸೆ ಏರದಿದ್ದರೂ, ಬಡ್ಡಿ ಹೀಗೇ ಇದ್ದರೆ 20 ವರ್ಷಕ್ಕೆ ಇದು 48 ಲಕ್ಷದ ಆಸುಪಾಸಿಗೆ ಬರುತ್ತದೆ. ಕೆಲವು ಕಂಪನಿಗಳು ಕಾನೂನಿನಲ್ಲಿರುವ 15,000 ರೂಪಾಯಿಯ ವೇತನ ಮಿತಿಗೆ ಮಾತ್ರ ಲೆಕ್ಕ ಹಾಕಿ 1,800 ಕಟ್ಟುತ್ತವೆ. ನಿಮ್ಮದು ಯಾವುದು ಅಂತ ಸ್ಯಾಲರಿ ಸ್ಲಿಪ್‌ನಲ್ಲಿ ಒಮ್ಮೆ ನೋಡಿ.

ಪಿಎಫ್‌ನ ತೊಂದರೆ ಬಡ್ಡಿಯಲ್ಲಿಲ್ಲ, ಬೀಗದಲ್ಲಿದೆ. ಕೆಲಸ ಬಿಟ್ಟಾಗ ಬೀಗದ ಕೈ ನಮ್ಮ ಕೈಗೇ ಬರುತ್ತದೆ. 2001ರಲ್ಲಿ ನಾನು ಮೊದಲ ಕೆಲಸ ಬಿಟ್ಟಾಗ 19 ಮತ್ತು 10ಸಿ ಎರಡೂ ಫಾರಂ ತುಂಬಿ, ಪಿಎಫ್ ಮತ್ತು ಪಿಂಚಣಿ ಹಣವನ್ನು ಪೂರ್ತಿ ಎತ್ತಿದೆ. ಸ್ಕೂಟರ್ ಬಂತು, ತಂಗಿಯ ಮದುವೆಗೆ ಸ್ವಲ್ಪ ಆಯಿತು. ಯಾರೂ ಮೋಸ ಮಾಡಲಿಲ್ಲ, ನಾನೇ ಮಾಡಿಕೊಂಡದ್ದು. ಸುಮಾರು ಆರು ವರ್ಷದ ಪಿಂಚಣಿ ಸೇವೆ ಅಳಿಸಿಹೋಯಿತು. ನನ್ನ ಲೆಕ್ಕದಲ್ಲಿ ತಿಂಗಳಿಗೆ ಐನೂರು ಚಿಲ್ಲರೆ ರೂಪಾಯಿ ಪಿಂಚಣಿ ಹೋಯಿತು. ದೊಡ್ಡ ಮೊತ್ತ ಅಲ್ಲ. ಆದರೆ ಬದುಕಿರುವಷ್ಟು ದಿನ ಬರಬೇಕಾದದ್ದು, ಆಮೇಲೆ ಹೆಂಡತಿಗೆ ಅರ್ಧ ಸಿಗಬೇಕಾದದ್ದು. ಸ್ಕೂಟರ್ ಗುಜರಿಗೆ ಹೋಗಿ ಕಾಲವಾಯಿತು.

ಮೇಲಿನ ಮನೆಯ ಹುಡುಗನಿಗೆ ಹೀಗೆ ಲೆಕ್ಕ ಹಾಕಿ ತೋರಿಸಿದೆ. ಮೂರು ಲಕ್ಷವನ್ನು ಮುಟ್ಟದೆ ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿದರೆ, ಶೇ 8.25ರಲ್ಲಿ 58ರ ಹೊತ್ತಿಗೆ ಅದು ಸುಮಾರು 32 ಲಕ್ಷ. ಅವನ ಕಣ್ಣು ಅರಳಿತು. "ಜಾಸ್ತಿ ಕುಣೀಬೇಡಪ್ಪ" ಅಂದೆ. ಬೆಲೆ ಏರಿಕೆ ಕಳೆದರೆ ಇವತ್ತಿನ ಲೆಕ್ಕದಲ್ಲಿ ಅದು ಐದೂವರೆ ಲಕ್ಷಕ್ಕೆ ಸಮ. ಅಂದರೆ ಪಿಎಫ್ ಬೆಲೆಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತದೆ, ಓಡುವುದಿಲ್ಲ. ಇನ್ನೊಂದು ವಿಷಯ: ಒಟ್ಟು ಸೇವೆ ಐದು ವರ್ಷ ತುಂಬುವ ಮೊದಲು ಎತ್ತಿದರೆ ತೆರಿಗೆ ಬೀಳುತ್ತದೆ. ವರ್ಗಾಯಿಸಿದರೆ ಹಳೆಯ ಕಂಪನಿಯ ವರ್ಷಗಳೂ ಲೆಕ್ಕಕ್ಕೆ ಸೇರುತ್ತವೆ.

ಪಿಂಚಣಿ ಅಂದೆನಲ್ಲ, ಅದರ ಬಗ್ಗೆ ಬಹಳ ಆಸೆ ಇಟ್ಟುಕೊಳ್ಳಬೇಡಿ. ಕನಿಷ್ಠ 10 ವರ್ಷ ಸೇವೆ ಇದ್ದರೆ 58ರಿಂದ ಸಿಗುತ್ತದೆ. ಪಿಂಚಣಿಗೆ ಲೆಕ್ಕವಾಗುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 15,000ದ ಮಿತಿಯಲ್ಲಿ 35 ವರ್ಷ ದುಡಿದರೂ ತಿಂಗಳಿಗೆ 7,500. ಹಾಲು, ತರಕಾರಿ, ಕರೆಂಟ್ ಬಿಲ್‌ಗೆ ಆದೀತು. ಐಟಿಯ ಹುಡುಗರಿಗೆ ಬಹುಪಾಲು ಇದೂ ಇಲ್ಲ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರುವಾಗಲೇ 15,000ಕ್ಕಿಂತ ಹೆಚ್ಚು ವೇತನ ಇದ್ದವರು ಪಿಂಚಣಿ ಯೋಜನೆಗೆ ಸೇರುವುದಿಲ್ಲ. ಕಂಪನಿಯ ಪಾಲೆಲ್ಲ ಪಿಎಫ್‌ಗೇ ಹೋಗುತ್ತದೆ. ಪಾಸ್‌ಬುಕ್‌ನ ಪಿಂಚಣಿ ಕಾಲಂನಲ್ಲಿ ಸೊನ್ನೆ ಕಂಡರೆ ಗಾಬರಿ ಬೇಡ.

ವಿಪಿಎಫ್ ಅಂದರೆ ಶೇ 12ರ ಮೇಲೆ ನಾವಾಗಿಯೇ ಹೆಚ್ಚು ಕಡಿತ ಮಾಡಿಸಿಕೊಳ್ಳುವುದು. ಅದಕ್ಕೂ ಅದೇ ಬಡ್ಡಿ. 2021ರ ಏಪ್ರಿಲ್‌ನಿಂದ ಒಂದು ಮಿತಿ ಬಂದಿದೆ. ನಿಮ್ಮ ಪಾಲು ವರ್ಷಕ್ಕೆ 2.5 ಲಕ್ಷ ದಾಟಿದರೆ, ದಾಟಿದ ಭಾಗದ ಬಡ್ಡಿಗೆ ತೆರಿಗೆ. ತಿಂಗಳಿಗೆ 20,800ರವರೆಗೆ ಚಿಂತೆಯಿಲ್ಲ ಅನ್ನಿ. ನಿಶ್ಚಿತ ಬಡ್ಡಿ ಬೇಕು, ಶೇರು ಅಂದರೆ ಭಯ, ಸಂಬಳ ಕೈಗೆ ಬಂದರೆ ಉಳಿಯುವುದಿಲ್ಲ ಅನ್ನುವವರಿಗೆ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಎಚ್‌ಆರ್‌ಗೆ ಒಂದು ಪತ್ರ ಕೊಟ್ಟರೆ ಮುಗಿಯಿತು.

ಪಿಪಿಎಫ್: ನಿಧಾನಸ್ಥ, ನಂಬಿಗಸ್ತ

ಪಿಪಿಎಫ್ ಅಂದರೆ ಸಾರ್ವಜನಿಕ ಭವಿಷ್ಯ ನಿಧಿ, ಸರ್ಕಾರದ ಉಳಿತಾಯ ಯೋಜನೆ. 1968ರಲ್ಲಿ ಶುರುವಾದದ್ದು. ಸಂಬಳ ಇರಲಿ ಬಿಡಲಿ, ಯಾರು ಬೇಕಾದರೂ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ತೆರೆಯಬಹುದು. ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ. 2020ರ ಏಪ್ರಿಲ್‌ನಿಂದ ಬಡ್ಡಿ ಶೇ 7.1ರಲ್ಲೇ ನಿಂತಿದೆ. ಪ್ರತಿ ವರ್ಷದ ಶುರುವಿನಲ್ಲೇ 1.5 ಲಕ್ಷ ಹಾಕುತ್ತಾ ಹೋದರೆ 15 ವರ್ಷಕ್ಕೆ 40.68 ಲಕ್ಷ.

ಬೀಗದ ವಿಷಯದಲ್ಲಿ ಪಿಪಿಎಫ್ ಪಿಎಫ್‌ಗಿಂತ ಗಟ್ಟಿ. 15 ವರ್ಷ ಆಗುವವರೆಗೆ ಸಾಮಾನ್ಯವಾಗಿ ಪೂರ್ತಿ ಹಣ ತೆಗೆಯಲಾಗದು. ಏಳನೇ ಹಣಕಾಸು ವರ್ಷದಿಂದ ಸ್ವಲ್ಪ ಭಾಗ ತೆಗೆಯಬಹುದು, ಅದಕ್ಕೂ ಮೊದಲು ಸಾಲ ಸಿಗುತ್ತದೆ. ಸಾಲ ಕೊಟ್ಟವರು ಕೋರ್ಟಿಗೆ ಹೋದರೂ ಈ ಹಣವನ್ನು ಜಪ್ತಿ ಮಾಡಲಾಗದು. ಚಿಕ್ಕಪೇಟೆಯಂಥ ಕಡೆ ಸಾಲ ತಂದು ವ್ಯಾಪಾರ ಮಾಡುವವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಅವರಿಗೇ ಗೊತ್ತು.

"ಹೊಸ ತೆರಿಗೆ ಪದ್ಧತಿಗೆ ಬಂದ ಮೇಲೆ ಪಿಪಿಎಫ್ ದಂಡ ಅಲ್ವಾ?" ಅಂತ ಆಫೀಸಿನಲ್ಲಿ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಅಲ್ಲ. ಹಾಕುವಾಗಿನ ರಿಯಾಯಿತಿ ಹೋಯಿತು, ಬಡ್ಡಿಗೂ ಕೊನೆಯ ಗಂಟಿಗೂ ತೆರಿಗೆ ಇಲ್ಲ ಎಂಬುದು ಹಾಗೇ ಉಳಿದಿದೆ. ಶೇ 30ರ ಮಟ್ಟದಲ್ಲಿ ತೆರಿಗೆ ಕಟ್ಟುವವರಿಗೆ ಬ್ಯಾಂಕ್ ಎಫ್‌ಡಿಯಲ್ಲಿ ತೆರಿಗೆ ಕಳೆದು ಶೇ 7.1 ಉಳಿಯಬೇಕಾದರೆ, ಬ್ಯಾಂಕು ಶೇ 10ರ ಮೇಲೆ ಬಡ್ಡಿ ಕೊಡಬೇಕು. ಎಲ್ಲಿ ಕೊಡುತ್ತಾರೆ?

ಎರಡು ಸಣ್ಣ ಗುಟ್ಟು. ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಹಾಕಿ. 5ರ ನಂತರದಿಂದ ತಿಂಗಳ ಕೊನೆಯವರೆಗೆ ಇರುವ ಕನಿಷ್ಠ ಮೊತ್ತಕ್ಕೇ ಆ ತಿಂಗಳ ಬಡ್ಡಿ. ಇನ್ನೊಂದು, 15 ವರ್ಷ ಆದ ಕೂಡಲೇ ಮುಚ್ಚಬೇಡಿ. ಐದೈದು ವರ್ಷ ಮುಂದುವರಿಸಬಹುದು. ಹೊಸದಾಗಿ ಹಾಕದೆ ಸುಮ್ನೆ ಬಿಟ್ಟರೆ, ಬಡ್ಡಿಯೂ ಬರುತ್ತದೆ, ವರ್ಷಕ್ಕೊಮ್ಮೆ ಬೇಕಾದಷ್ಟು ತೆಗೆಯಲೂ ಬಹುದು. 60 ದಾಟಿದವರಿಗೆ ಅದು ಬೀಗ ತೆರೆದ ಡಬ್ಬಿಯೇ.

ಎನ್‌ಪಿಎಸ್: ಗಟ್ಟಿ ಬೀಗ, ಆದರೆ ಪೂರ್ತಿ ತೆರೆಯುವುದಿಲ್ಲ

ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಅಂತ ಇದರ ಪೂರ್ತಿ ಹೆಸರು. ಕೇಂದ್ರ ಸರ್ಕಾರಿ ನೌಕರರಿಗೆ 2004ರಿಂದ, ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದವರಿಗೆ ಬಂದದ್ದು. 2009ರಿಂದ ಎಲ್ಲರಿಗೂ ತೆರೆದಿದೆ. ಸರ್ಕಾರಿ ನೌಕರರ ವಿಷಯ, ಹಳೇ ಪಿಂಚಣಿಗಾಗಿ ಅವರು ನಡೆಸುವ ಹೋರಾಟ, ಬೇರೆಯೇ ಕಥೆ. ನಾನು ಹೇಳುವುದು ಖಾಸಗಿಯವರಿಗೆ.

ಇಲ್ಲಿ ನಿಶ್ಚಿತ ಬಡ್ಡಿ ಇಲ್ಲ. ಹಣದ ಒಂದು ಪಾಲು ಶೇರಿಗೆ, ಉಳಿದದ್ದು ಸರ್ಕಾರಿ ಮತ್ತು ಕಂಪನಿ ಬಾಂಡ್‌ಗಳಿಗೆ ಹೋಗುತ್ತದೆ. ಎಷ್ಟು ಪಾಲು ಅಂತ ನೀವೇ ಹೇಳಬಹುದು. ನಿರ್ವಹಣೆಯ ಖರ್ಚು ಬಹಳ ಕಡಿಮೆ. ಮಧ್ಯದಲ್ಲಿ ಮಕ್ಕಳ ಓದು, ಮದುವೆ, ಮನೆ, ಕಾಯಿಲೆ ಇಂಥ ಕಾರಣಕ್ಕೆ ನೀವು ಕಟ್ಟಿದ್ದರಲ್ಲಿ ಶೇ 25ರವರೆಗೆ ತೆಗೆಯಬಹುದು. ಅದಕ್ಕಿಂತ ಹೆಚ್ಚಿಗೆ ಕೈ ಹಾಕುವುದು ಕಷ್ಟ. ನನ್ನಂಥ ಸ್ಕೂಟರ್ ಆಸೆಯವರಿಗೆ ಒಳ್ಳೆಯದೇ.

ತಕರಾರು ಇರುವುದು ಕೊನೆಯಲ್ಲಿ. 60 ಆದಾಗ ಶೇ 40ರಷ್ಟನ್ನು ಕಡ್ಡಾಯವಾಗಿ ವಿಮಾ ಕಂಪನಿಯ ವರ್ಷಾಶನ ಯೋಜನೆಗೆ ಕೊಟ್ಟು ಪಿಂಚಣಿ ಕೊಳ್ಳಬೇಕಿತ್ತು. 2025ರ ಡಿಸೆಂಬರ್‌ನಲ್ಲಿ ಖಾಸಗಿಯವರಿಗೆ ಇದು ಸಡಿಲವಾಯಿತು. ಈಗ ಶೇ 80ರವರೆಗೆ ಒಟ್ಟಿಗೆ ತೆಗೆಯಬಹುದು, ಶೇ 20ಕ್ಕೆ ಪಿಂಚಣಿ ಕೊಂಡರೆ ಸಾಕು. ಒಟ್ಟು ಹಣ 8 ಲಕ್ಷದೊಳಗಿದ್ದರೆ ಪೂರ್ತಿಯೂ ತೆಗೆಯಬಹುದು. ಆದರೆ ಒಂದು ಎಚ್ಚರಿಕೆ. ತೆರಿಗೆ ಕಾನೂನಿನ ವಿನಾಯಿತಿ ಮೊದಲಿನಿಂದ ಇದ್ದದ್ದು ಶೇ 60ಕ್ಕೆ. ತೆಗೆಯುವ ವರ್ಷದ ತೆರಿಗೆ ನಿಯಮ ನೋಡಿಕೊಂಡೇ ಅರ್ಜಿ ಹಾಕಿ. 60 ತುಂಬಿದ ದಿನವೇ ತೆಗೆಯಬೇಕು ಅಂತೇನಿಲ್ಲ, ಬಿಟ್ಟರೆ ಬೆಳೆಯುತ್ತಲೇ ಇರುತ್ತದೆ.

ವರ್ಷಾಶನ ಅನ್ನುವುದು ನನಗೆ ಅಷ್ಟು ಇಷ್ಟವಾಗುವ ಪದಾರ್ಥ ಅಲ್ಲ. ಅಸಲು ವಾರಸುದಾರರಿಗೆ ವಾಪಸ್ ಬರುವ ರೀತಿಯದಾದರೆ ಸುಮಾರು ಶೇ 6ರಿಂದ 7. ಅದೂ ಬದುಕಿರುವವರೆಗೂ ಅಷ್ಟೇ, ಏರುವುದಿಲ್ಲ. ಬರುವ ಪಿಂಚಣಿ ಆದಾಯಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ. ಆದರೂ ಒಂಟಿ ಹಿರಿಯರಿಗೆ, ಲೆಕ್ಕಪತ್ರ ನೋಡುವ ಶಕ್ತಿ ಇಲ್ಲದವರಿಗೆ, "ಅಮ್ಮ, ಒಂದು ಹತ್ತು ಲಕ್ಷ ಕೊಡು, ಆರು ತಿಂಗಳಲ್ಲಿ ವಾಪಸ್ ಕೊಡ್ತೀನಿ" ಅನ್ನುವ ಮಗ ಇರುವವರಿಗೆ, ಯಾರೂ ಕಿತ್ತುಕೊಳ್ಳಲಾಗದ ತಿಂಗಳ ಹಣ ಬೇಕೇ ಬೇಕು.

ಹಾಗಾದರೆ ಎನ್‌ಪಿಎಸ್ ಯಾರಿಗೆ? ಕಂಪನಿಯೇ ನಿಮ್ಮ ಪರವಾಗಿ ಎನ್‌ಪಿಎಸ್‌ಗೆ ಕಟ್ಟುವ ಸೌಲಭ್ಯ ಇದ್ದರೆ, ಎರಡನೇ ಯೋಚನೆ ಮಾಡಬೇಡಿ. ಹೊಸ ತೆರಿಗೆ ಪದ್ಧತಿಯಲ್ಲೂ ಮೂಲ ವೇತನದ ಶೇ 14ರವರೆಗೆ ಇದಕ್ಕೆ ತೆರಿಗೆ ಇಲ್ಲ. ಮೂಲ ವೇತನ 70,000 ಇದ್ದರೆ ತಿಂಗಳಿಗೆ 9,800. ಶೇ 20ರ ಮಟ್ಟದಲ್ಲಿರುವವರಿಗೆ ವರ್ಷಕ್ಕೆ ಸುಮಾರು 24,000 ರೂಪಾಯಿ ತೆರಿಗೆ ಉಳಿಯುತ್ತದೆ. ಆ ಹಣ ನಿಮ್ಮ ಒಟ್ಟು ಸಂಬಳದಿಂದಲೇ ಹೋಗುವುದರಿಂದ ಕೈಗೆ ಬರುವುದು ಕಡಿಮೆಯಾಗುತ್ತದೆ, ಅದನ್ನು ಮನೆಯವರಿಗೆ ಮೊದಲೇ ಹೇಳಿ. ನೀವೇ ಸ್ವಂತವಾಗಿ ಹಾಕುವ 50,000ದ ಹೆಚ್ಚುವರಿ ರಿಯಾಯಿತಿ ಹಳೆಯ ಪದ್ಧತಿಯವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿದ್ದು, ಕಂಪನಿಯ ಸೌಲಭ್ಯವೂ ಇಲ್ಲ ಅಂದರೆ, ನಾನಾದರೆ ಎನ್‌ಪಿಎಸ್‌ಗಿಂತ ಮುಂದೆ ಹೇಳುವ ಎಸ್‌ಐಪಿಯನ್ನೇ ಆರಿಸಿಕೊಳ್ಳುತ್ತೇನೆ.

ಎಸ್‌ಐಪಿ: ಬೀಗವೇ ಇಲ್ಲದ ಡಬ್ಬಿ

ಬೆಲೆ ಏರಿಕೆಯನ್ನು ಹಿಂದೆ ಹಾಕುವ ಶಕ್ತಿ ಇರುವುದು ಶೇರಿನ ಮ್ಯೂಚುವಲ್ ಫಂಡ್‌ಗೆ. ಅದಕ್ಕೆ ತಿಂಗಳು ತಿಂಗಳು ಇಂತಿಷ್ಟು ಅಂತ ಹಾಕುವುದೇ ಎಸ್‌ಐಪಿ. ತಿಂಗಳಿಗೆ 10,000ದಂತೆ 20 ವರ್ಷ ಹಾಕಿದರೆ, ಶೇ 8ರಲ್ಲಿ ಸುಮಾರು 59 ಲಕ್ಷ, ಶೇ 11 ಸಿಕ್ಕರೆ 87 ಲಕ್ಷ. "ಸಿಕ್ಕರೆ" ಎಂಬ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಲಾಭಕ್ಕೆ ತೆರಿಗೆಯೂ ಇದೆ. ಒಂದು ವರ್ಷ ದಾಟಿದ ಮೇಲೆ ಮಾರಿದರೆ, ವರ್ಷದ ಲಾಭದಲ್ಲಿ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ ಶೇ 12.5.

ಅಪಾಯ ಎರಡು. ಬೀಗ ಇಲ್ಲದ್ದು ಮೊದಲನೆಯದು. ಮೊಬೈಲ್‌ನಲ್ಲಿ ನಾಲ್ಕು ಸಲ ಒತ್ತಿದರೆ ಎರಡು ಮೂರು ದಿನದಲ್ಲಿ ಹಣ ಬ್ಯಾಂಕಿಗೆ ಬರುತ್ತದೆ. ಇನ್ನೊಂದು ನಿವೃತ್ತಿಯ ಗಳಿಗೆ. 2020ರ ಜನವರಿಯಲ್ಲಿ 42,000 ಮುಟ್ಟಿದ್ದ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26,000ದ ಕೆಳಗಿತ್ತು. ಆ ಮಾರ್ಚ್ 31ಕ್ಕೆ ನಿವೃತ್ತರಾದವರನ್ನು ನೆನೆಸಿಕೊಳ್ಳಿ. ಅದೇ ವರ್ಷದ ಕೊನೆಗೆ ಸೆನ್ಸೆಕ್ಸ್ ಮತ್ತೆ 47,000 ದಾಟಿತು, ನಿಜ. ಆದರೆ ಏಪ್ರಿಲ್‌ನಲ್ಲಿ ಅಕ್ಕಿ ತರಲು ಮಾರಿದವರಿಗೆ ಡಿಸೆಂಬರ್ ಏನು ಮಾಡೀತು? ಅದಕ್ಕೇ 55 ದಾಟಿದ ಮೇಲೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಶೇರಿನಿಂದ ಇಳಿಸಿ, ನಿವೃತ್ತಿಯಾದ ಮೇಲಿನ ಮೊದಲ ಐದು ವರ್ಷದ ಖರ್ಚನ್ನು ನಿಶ್ಚಿತ ಬಡ್ಡಿಯ ಕಡೆ ತಂದಿಡಬೇಕು. ಐದೈದು ಫಂಡ್ ಬೇಡ, ಸೆನ್ಸೆಕ್ಸ್‌ನಂಥ ಸೂಚ್ಯಂಕದಲ್ಲಿರುವ ಶೇರುಗಳನ್ನೇ ಕೊಳ್ಳುವ ಒಂದು ಇಂಡೆಕ್ಸ್ ಫಂಡ್ ಸಾಕು. ಡೈರೆಕ್ಟ್ ಪ್ಲಾನ್ ತೆಗೆದುಕೊಂಡರೆ ಮಧ್ಯವರ್ತಿಯ ಕಮಿಷನ್ ಉಳಿಯುತ್ತದೆ.

ಸೈಟು, ಚೀಟಿ, ಪಾಲಿಸಿ

ಬೆಂಗಳೂರಲ್ಲಿ ಈ ಮಾತು ಬಾರದೆ ಇರುವುದಿಲ್ಲ. ಸೈಟು ಕೊಂಡು ದುಡ್ಡು ಮಾಡಿದವರು ನನ್ನ ಬೀದಿಯಲ್ಲೇ ಇದ್ದಾರೆ. 30ರಲ್ಲಿ ಕೊಂಡವರು ಅವರು. 60ರಲ್ಲಿ ನಿವೃತ್ತಿಯ ಗಂಟನ್ನೆಲ್ಲ ನೆಲಮಂಗಲದ ಆಚೆಯ ಕಂದಾಯ ಸೈಟಿಗೆ ಹಾಕುವುದು ಬೇರೆ ಮಾತು. ಆಸ್ಪತ್ರೆ ಬಿಲ್ ಕಟ್ಟಲು ಸೈಟಿನ ಒಂದು ಮೂಲೆ ಕತ್ತರಿಸಿ ಮಾರಲಾಗದು. ಒಂದು ಕೋಟಿಯ ಫ್ಲ್ಯಾಟ್‌ಗೆ 28,000 ಬಾಡಿಗೆ ಬಂದರೆ ವರ್ಷಕ್ಕೆ ಶೇ 3.36. ಮೇಂಟೆನೆನ್ಸ್, ತೆರಿಗೆ, ಖಾಲಿ ಬಿದ್ದ ತಿಂಗಳು ಕಳೆಯಿರಿ. ಇರಲು ಒಂದು ಸ್ವಂತ ಮನೆ ಇದ್ದರೆ ಸರಿ, ಎರಡನೆಯದು ನಿವೃತ್ತಿಯ ಯೋಜನೆ ಅಲ್ಲ.

ಚೀಟಿ ಹಾಕುವುದಾದರೆ ಎಂಎಸ್‌ಐಎಲ್‌ನಂಥ ನೋಂದಾಯಿತ ಕಡೆ ಹಾಕಿ, ಅದೂ ಮದುವೆ, ರಿಪೇರಿಯಂಥ ಖರ್ಚಿಗೆ. ಮನಿ-ಬ್ಯಾಕ್ ಪಾಲಿಸಿಗಳ ನಿಜವಾದ ಗಳಿಕೆ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಶೇ 5–6. ವಿಮೆಗೆ ಟರ್ಮ್ ಪಾಲಿಸಿ (ಸತ್ತರೆ ಮಾತ್ರ ಹಣ ಬರುವಂಥದ್ದು) ಬೇರೆ, ಉಳಿತಾಯ ಬೇರೆ ಇರಲಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಶೇ 11, 12 ಕೊಡುತ್ತೇವೆ ಅನ್ನುವ ಸೌಹಾರ್ದ ಮತ್ತು ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಸರ್ಕಾರದ ಠೇವಣಿ ವಿಮೆ ಇಲ್ಲ. ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೂ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಇದೆ. ಹೆಸರಿನಲ್ಲಿ "ಬ್ಯಾಂಕ್" ಇದೆಯೋ "ಸಂಘ" ಇದೆಯೋ ಎಂಬ ವ್ಯತ್ಯಾಸದಲ್ಲಿ ನನ್ನ ಪರಿಚಯದ ಒಬ್ಬ ನಿವೃತ್ತ ಮೇಷ್ಟ್ರು ಅರ್ಧ ಗಂಟು ಕಳೆದುಕೊಂಡರು.

ಅಣ್ಣನ ಗಂಟು

ಅಣ್ಣನಿಗೆ 60. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ 52 ಲಕ್ಷ ಬರುತ್ತದೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ತುಂಬುವ ಡಬ್ಬಿಗಳು. ಅವನಿಗೆ ಬೇಕಾದದ್ದು ಬಡಿಸುವ ಪಾತ್ರೆ.

ಮೊದಲು 30 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. ಒಬ್ಬರಿಗೆ ಗರಿಷ್ಠ ಅಷ್ಟೇ. ನಾನು ಬರೆಯುವ ಹೊತ್ತಿಗೆ ಬಡ್ಡಿ ಶೇ 8.2, ಹಾಕಿದ ದಿನದ ಬಡ್ಡಿ ಐದು ವರ್ಷ ಬದಲಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ 61,500 ಖಾತೆಗೆ ಬರುತ್ತದೆ. ಎರಡು ವರ್ಷ ಆದ ಮೇಲೆ ಮುಚ್ಚಿದರೆ ಶೇ 1 ಕಡಿಯುತ್ತಾರೆ, ಅಷ್ಟೇ. ಅಂದರೆ ಬೀಗ ಇದೆ, ಆದರೆ ಕೈ ನಮ್ಮ ಹತ್ತಿರವೇ. 60ರ ನಂತರ ಇಂಥದ್ದೇ ಬೇಕು. 55 ದಾಟಿ ಬೇಗ ನಿವೃತ್ತರಾದವರೂ ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಇದನ್ನು ತೆರೆಯಬಹುದು.

9 ಲಕ್ಷ ಅತ್ತಿಗೆಯ ಹೆಸರಲ್ಲಿ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಗೆ. ಶೇ 7.4ರಲ್ಲಿ ತಿಂಗಳಿಗೆ 5,550. ಇದು ಲೆಕ್ಕಕ್ಕಿಂತ ಹೆಚ್ಚಾಗಿ ಅತ್ತಿಗೆಗಾಗಿ. ಮದುವೆಯಾಗಿ 33 ವರ್ಷ ಆದರೂ ಅವರ ಸ್ವಂತ ಹೆಸರಿನಲ್ಲಿ ತಿಂಗಳಿಗೆ ಒಂದು ರೂಪಾಯಿ ಬಂದದ್ದಿಲ್ಲ. 5 ಲಕ್ಷ ಎಫ್‌ಡಿಯಲ್ಲಿ, ಆಸ್ಪತ್ರೆಗೆ ಅಂತ. ಉಳಿದ 8 ಲಕ್ಷ ಇಂಡೆಕ್ಸ್ ಫಂಡ್‌ನಲ್ಲಿ, 70 ತುಂಬುವವರೆಗೆ ಮುಟ್ಟಬಾರದು ಅಂತ. ಇದಕ್ಕೆ ಅಣ್ಣ ಗೊಣಗಿದ. "ಈ ವಯಸ್ಸಲ್ಲಿ ಶೇರಾ?" 60ರವನಿಗೆ ಇನ್ನೂ 25 ವರ್ಷದ ಇಡ್ಲಿ ಬೆಲೆ ಮುಂದಿದೆ, ಬರೀ ಬಡ್ಡಿಯಿಂದ ಅದು ನಡೆಯುವುದಿಲ್ಲ.

ಒಟ್ಟು ತಿಂಗಳಿಗೆ 26,000 ಮತ್ತು ಪಿಎಫ್ ಪಿಂಚಣಿ. ಸ್ವಂತ ಮನೆ ಇರುವುದರಿಂದ ಸಾಲುತ್ತದೆ. ಬಾಡಿಗೆ ಮನೆಯಾಗಿದ್ದರೆ ಸಾಲುತ್ತಿರಲಿಲ್ಲ, ಆಗ ವರ್ಷಾಶನವನ್ನೂ ಯೋಚಿಸಬೇಕಾಗುತ್ತಿತ್ತು. ಬಡ್ಡಿ ವರ್ಷಕ್ಕೆ 1 ಲಕ್ಷ ದಾಟಿದರೆ ಮೂಲದಲ್ಲೇ ತೆರಿಗೆ ಕಡಿಯುತ್ತಾರೆ. ತೆರಿಗೆ ಕಟ್ಟಬೇಕಾದಷ್ಟು ಆದಾಯ ಇಲ್ಲದಿದ್ದರೆ, 15ಎಚ್ ಅಂತ ಹೆಸರಾದ ಅರ್ಜಿಯನ್ನು ಏಪ್ರಿಲ್‌ನಲ್ಲೇ ಕೊಟ್ಟುಬಿಡಿ.

ಟೈಲರ್‌ಗೆ, ಮತ್ತು ಮೇಲಿನ ಮನೆಯವನಿಗೆ

ಟೈಲರ್‌ಗೆ 35, ಹೆಂಡತಿಗೆ 30. ಆದಾಯ ತೆರಿಗೆ ಕಟ್ಟುವವರಲ್ಲ. ಅವರಿಗೆ ಅಟಲ್ ಪಿಂಚಣಿ ಯೋಜನೆ ಇದೆ. 18ರಿಂದ 40 ವಯಸ್ಸಿನವರು ಸೇರಬಹುದು. 2022ರ ಅಕ್ಟೋಬರ್‌ನಿಂದ ಆದಾಯ ತೆರಿಗೆದಾರರನ್ನು ಸೇರಿಸಿಕೊಳ್ಳುವುದಿಲ್ಲ. 60ರಿಂದ ತಿಂಗಳಿಗೆ 5,000 ಬೇಕಾದರೆ ಅವರು ತಿಂಗಳಿಗೆ 902, ಹೆಂಡತಿ 577 ಕಟ್ಟಬೇಕು. ಒಬ್ಬರು ಹೋದರೆ ಇನ್ನೊಬ್ಬರಿಗೆ ಅದೇ ಪಿಂಚಣಿ, ಇಬ್ಬರೂ ಹೋದರೆ ಮಕ್ಕಳಿಗೆ ಗಂಟು. ಸರ್ಕಾರದ ಖಾತರಿ. ಸುಳ್ಳು ಹೇಳಬಾರದು ಅಂತ ಇದನ್ನೂ ಹೇಳಿದೆ: 25 ವರ್ಷದ ಮೇಲಿನ 5,000 ಇವತ್ತಿನ 1,200ಕ್ಕೆ ಸಮ. ಆದ್ದರಿಂದ ಜೊತೆಗೆ ಒಂದು ಪಿಪಿಎಫ್. ದಸರಾ, ಮದುವೆ ಸೀಸನ್‌ನಲ್ಲಿ ಕೈಯಲ್ಲಿ ದುಡ್ಡು ಓಡಾಡಿದಾಗ ಜಾಸ್ತಿ ಹಾಕಲಿ, ಆಷಾಢದಲ್ಲಿ ಕಡಿಮೆ. ಪಿಪಿಎಫ್ ಅದಕ್ಕೆಲ್ಲ ತಕರಾರು ಮಾಡುವುದಿಲ್ಲ, ವರ್ಷಕ್ಕೆ 500 ತಪ್ಪದಿದ್ದರೆ ಸಾಕು.

ಮೇಲಿನ ಮನೆಯ ಹುಡುಗನಿಗೆ ಹೇಳಿದ್ದು ಇಷ್ಟು. ಪಿಎಫ್ ವರ್ಗಾಯಿಸು. ಹೊಸ ಕಂಪನಿಯಲ್ಲಿ ಎನ್‌ಪಿಎಸ್ ಇದೆಯಾ ಕೇಳು, ಇದ್ದರೆ ಹೂಂ ಅನ್ನು. ಆರು ತಿಂಗಳ ಖರ್ಚನ್ನು ಮೊದಲು ಎಫ್‌ಡಿಯಲ್ಲಿಡು, ಅದಿಲ್ಲದೆ ಎಸ್‌ಐಪಿ ಶುರು ಮಾಡಿದರೆ ಮೊದಲ ಲೇಆಫ್ ಸುದ್ದಿಗೇ ಮುರಿಯುತ್ತೀಯ. ಆಮೇಲೆ ತಿಂಗಳಿಗೆ 10,000 ಇಂಡೆಕ್ಸ್ ಫಂಡ್. ಪಿಪಿಎಫ್ ಸದ್ಯಕ್ಕೆ ಬೇಡ, ನಿಶ್ಚಿತ ಬಡ್ಡಿಯ ಪಾಲು ಪಿಎಫ್‌ನಲ್ಲೇ ಇದೆ. 45ರ ಹತ್ತಿರ ಬಂದು ಮನೆ ಸಾಲ ಇನ್ನೂ ಇರುವವರಾದರೆ ನನ್ನ ಉತ್ತರ ಬೇರೆ. ಅವರು ಎಸ್‌ಐಪಿ ಏರಿಸುವ ಮೊದಲು, ಸಾಲ 58ರೊಳಗೆ ಮುಗಿಯುತ್ತದೆಯೇ ಅಂತ ನೋಡಬೇಕು.

ಮೊನ್ನೆ ಭಾನುವಾರ ಅವನು ಲ್ಯಾಪ್‌ಟಾಪ್ ಹಿಡಿದುಕೊಂಡು ಕೆಳಗೆ ಬಂದ. ವರ್ಗಾವಣೆಯ ಅರ್ಜಿ ಹಾಕಿದ್ದ. ಪಿಎಫ್ ವೆಬ್‌ಸೈಟ್‌ನಲ್ಲಿ ನಾಮಿನಿ ಯಾರು ಅಂತ ನೋಡು ಅಂದೆ.

"ಅಮ್ಮನ ಹೆಸರು ಹಾಕಿದೀನಿ ಅಂಕಲ್."

"ಸರಿ. ಮದುವೆ ಆದ ದಿನ ಅದು ರದ್ದಾಗತ್ತೆ, ಹೊಸದಾಗಿ ಹಾಕಬೇಕು. ಗೊತ್ತಾ?"

ಗೊತ್ತಿರಲಿಲ್ಲ. ಅಣ್ಣನಿಗೂ ಗೊತ್ತಿರಲಿಲ್ಲ. 33 ವರ್ಷದಿಂದ ಅವನ ಪಿಎಫ್‌ಗೆ ನಾಮಿನಿ ನಮ್ಮಮ್ಮ. ಅವಳು ಹೋಗಿ ಒಂಬತ್ತು ವರ್ಷವಾಯಿತು. ಈ ವಾರ ಅತ್ತಿಗೆಯ ಆಧಾರ್ ಕಾರ್ಡು, ಫೋಟೋ ಹಿಡಿದು ಅದನ್ನು ಸರಿಪಡಿಸಲು ಕೂರಬೇಕು.